ಹೊಳ್ಯಾಗ ಜೀವ ಐತಿ

ನನ್ನ ತಮ್ಮ ಹೂವಪ್ಪನ ಮೇಲೆ ವರದಾ ಹೊಳೆಯ ದಡ ಕುಸಿದು ಬಿತ್ತು. ದಡ ಬಿದ್ದು ಅವನು ಸತ್ತ ಅಂತ ನಾನು ಹೇಳುವುದಿಲ್ಲ. ದಡ ಬಿದ್ದ ಮೇಲೂ ಅವನ ಒಂದು ಕೈ ಮಣ್ಣಿನ ಹೊರಗಿತ್ತು. ಬೆರಳು ಆಡುತ್ತಿದ್ದವು. ಅವನ ಅಕ್ಕ, ನಾನು ನೋಡಿದ್ದೇನೆ. ಅವನ ಹೆಂಡತಿ ದಾನವ್ವ ನೋಡಿದ್ದಾಳೆ. ಹೊಳಬಸಪ್ಪ ಸಾವಕಾರನೂ ನೋಡಿದ್ದಾನೆ. ಅದಕ್ಕೇ ನಾನು ಇದನ್ನು ಕೊಲೆ ಅನ್ನುತ್ತೇನೆ. ಬೇರೆಯವರು ಏನು ಬೇಕಾದರೂ ಅಂದುಕೊಳ್ಳಲಿ.

ನಾವು ಸವಣೂರು ತಾಲೂಕಿನ ಹೊಳೆದಂಡೆಯ ಊರಿನವರು, ಮಾದಿಗರ ಕೇರಿಯವರು. ನಮಗೆ ಹೊಲ ಇಲ್ಲ. ಹೊಳೆ ಇತ್ತು, ಅದನ್ನೂ ಹೊಳಬಸಪ್ಪ ತಿನ್ನುತ್ತಿದ್ದ. ಹೆಸರಿನಲ್ಲೇ ಹೊಳೆ ಇಟ್ಟುಕೊಂಡವನಿಗೆ ಯಾರ ಪರವಾನಗಿ ಬೇಕು? ಶಿಗ್ಗಾಂವಿಯಲ್ಲಿ, ಹಾನಗಲ್ಲಿನಲ್ಲಿ, ಹಿರೇಕೆರೂರಿನಲ್ಲಿ ಯಾರು ಬಂಗಲೆ ಕಟ್ಟಿಸಿದರೂ ಮರಳು ಅವನದೇ. ಗಂಡಸರು ಅಗೆಯಬೇಕು, ಹೆಂಗಸರು ಹೊರಬೇಕು. ತಲೆಯ ಮೇಲೆ ಹಳೆ ಸೀರೆಯ ಸಿಂಬಿ, ಸಿಂಬಿಯ ಮೇಲೆ ಹಸಿ ಮರಳಿನ ಬುಟ್ಟಿ. ಬುಟ್ಟಿಯ ನೀರು ಕಣ್ಣಿಗೆ ಇಳಿಯುತ್ತದೆ, ಬಾಯಿಗೆ ಇಳಿಯುತ್ತದೆ, ಎದೆಯ ನಡುವೆ ಹರಿದು ಸೊಂಟದ ಗಂಟಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಚರ್ಮ ಕೊಳೆಯುತ್ತದೆ. ನಮ್ಮ ಕೇರಿಯ ಹೆಂಗಸರಿಗೆ ನಡುನೆತ್ತಿಯಲ್ಲಿ ಕೂದಲಿಲ್ಲ. ಹೂ ಮುಡಿಯುವುದಕ್ಕೂ ಜಾಗ ಹುಡುಕಬೇಕು.

ಹೊಳೆಯ ನಡುವಿನ ಮರಳು ಮುಗಿದ ಮೇಲೆ ಸಾವಕಾರ ದಡಕ್ಕೆ ಕೈ ಹಾಕಿದ. ದಡದ ಬುಡದಲ್ಲಿ ಬಿಲದ ಹಾಗೆ ಕೊರೆದು ಒಳಗಿನ ಮರಳು ಎಳೆಯುವ ಕೆಲಸ. ಮೇಲೆ ಎರಡಾಳೆತ್ತರದ ಮಣ್ಣು ತೂಗುತ್ತಿರುತ್ತದೆ. ಒಳಗೆ ಹೋದವನು ಮಲಗಿಕೊಂಡೇ ಸಲಿಕೆ ಆಡಿಸಬೇಕು. ತೆಳ್ಳಗಿದ್ದವನೇ ಒಳಗೆ ಹೋಗಬೇಕು ಅನ್ನುವುದು ಸಾವಕಾರನ ಕಾಯ್ದೆ. ಹೂವಪ್ಪ ತೆಳ್ಳಗಿದ್ದ.

ಮುಂಗಾರು ಇನ್ನೇನು ಹಿಡಿಯುವ ಹೊತ್ತು. ಬೆಳಿಗ್ಗೆ ನಾನೂ ದಾನವ್ವನೂ ಬುಟ್ಟಿ ಹೊತ್ತು ದಂಡೆ ಹತ್ತುತ್ತಿದ್ದೆವು. ಹಿಂದೆ ಹಸಿ ಗೋಡೆ ಬಿದ್ದಂಥ ಸಪ್ಪಳ ಆಯಿತು. ತಿರುಗಿ ನೋಡಿದರೆ ಬಿಲ ಇಲ್ಲ. ಒಂದು ಕೈ ಮಾತ್ರ ಇತ್ತು. ಬುಟ್ಟಿ ಎಸೆದು ಓಡಿದೆವು. ಬರಿಗೈಲಿ ಕೆದರಿದೆವು. ಉಗುರು ಕಿತ್ತು ಬಂದವು, ಗೊತ್ತಾಗಲಿಲ್ಲ. ದಾನವ್ವ ಆ ಕೈ ಹಿಡಿದುಕೊಂಡಳು. ಅದು ಇವಳ ಕೈ ಹಿಸುಕುತ್ತಿತ್ತು.

ಜೆಸಿಬಿ ಓಡಿಸುವವನು ಸವಣೂರಿನ ಮಜೀದ. ಮಣ್ಣು ಎತ್ತುವುದಕ್ಕೆ ಅವನು ಯಂತ್ರ ತಿರುಗಿಸಿದ. ಅಷ್ಟರಲ್ಲಿ ಸಾವಕಾರನ ಫೋನು ಬಡಿಯಿತು. ತಾಲೂಕಿನಿಂದ ಸಾಹೇಬರ ಜೀಪು ಹೊರಟಿದೆ ಎಂದು ಯಾರೋ ಸುದ್ದಿ ಕೊಟ್ಟರು. ಮೊದಲು ಯಂತ್ರ, ಟ್ರ್ಯಾಕ್ಟರು ಎಲ್ಲ ದಂಡೆ ಹತ್ತಲಿ ಅಂದ ಸಾವಕಾರ. ಒಳಗೆ ಮನುಷ್ಯ ಇದ್ದಾನೆ ಅಂದ ಮಜೀದ. ಸಾವಕಾರ ಅವನ ಕಪಾಳಕ್ಕೆ ಹೊಡೆದ. ಕೊರಳಪಟ್ಟಿ ಹಿಡಿದು ಕೆಳಗೆಳೆದು, ತನ್ನ ಮಗ ಚನ್ನೇಶನನ್ನು ಹತ್ತಿಸಿದ. ಚನ್ನೇಶ ಅವಸರದಲ್ಲಿ ಹಿಂದೆ ಸರಿಸಿದಾಗ ಯಂತ್ರದ ಬೆನ್ನು ಉಳಿದ ದಡಕ್ಕೆ ಗುದ್ದಿತು. ಅದೂ ಬಿತ್ತು. ದಾನವ್ವನನ್ನು ನಾನು ಸೆರಗು ಹಿಡಿದು ಎಳೆದುಕೊಂಡೆ. ಎಳೆದಿದ್ದಕ್ಕೆ ಅವಳು ಉಳಿದಳು. ಅವನ ಕೈ ಅವಳ ಕೈಯಿಂದ ಜಾರಿತು.

ನಾವು ಬಾಯಿ ಬಡಿದುಕೊಂಡೆವು. ಆಳುಗಳು ಬಡಿಗೆ ತಂದು ನಮ್ಮನ್ನು ಆಡು ಅಟ್ಟಿದ ಹಾಗೆ ದಂಡೆಗೆ ಅಟ್ಟಿದರು. ದಾನವ್ವ ತಿರುಗಿ ಓಡಿದಳು. ಅವಳ ಹೊಟ್ಟೆಗೆ ಒದ್ದರು. ಆ ತಿಂಗಳು ಅವಳಿಗೆ ಮುಟ್ಟು ನಿಂತಿತ್ತು. ಮನೆಗೆ ಬಂದ ಮೇಲೆ ಅದೂ ಹೋಯಿತು. ಮೇಲೆ ಬನವಾಸಿ ಕಡೆ ಮಳೆ ಹತ್ತಿತ್ತು. ಮರುದಿನ ಹೊಳೆಗೆ ಕೆಂಪು ನೀರು ಬಂದು ದಡ ಬಿದ್ದ ಗುಂಡಿ ತುಂಬಿತು.

ಪೊಲೀಸರು ನಾಪತ್ತೆ ಅಂತ ಬರೆದುಕೊಂಡರು. ಸತ್ತಿದ್ದಾನೆ ಅಂತ ಬರೆಯಬೇಕಾದರೆ ಹೆಣ ತೋರಿಸು ಅಂದರು. ಹೆಣ ತೋರಿಸಬೇಕಾದರೆ ಅಗೆಯಬೇಕು, ಹೊಳೆ ತುಂಬಿ ಹರಿಯುತ್ತಿದೆ. ಹೂವಪ್ಪ ಯಾವಳನ್ನೋ ಕಟ್ಟಿಕೊಂಡು ಗೋವಾಕ್ಕೆ ಓಡಿದ್ದಾನೆ ಎಂದು ಸಾವಕಾರ ಊರ ತುಂಬ ಹಬ್ಬಿಸಿದ. ಊರು ನಂಬಿತು. ನಂಬಿದರೆ ಸಾವಕಾರನ ಜತೆ ಸುಖವಾಗಿ ಇರಬಹುದಲ್ಲ. ಕೇರಿಯ ಹಿರಿಯರು ಬಂದು, ದಾನವ್ವನ ಬಳೆ ಒಡೆದು ದಿನ ಮಾಡಿ ಮುಗಿಸೋಣ ಅಂದರು. ಅವಳು ಒಪ್ಪಲಿಲ್ಲ.

"ನಾ ಮಣ್ಣು ಕೊಟ್ಟಿಲ್ಲ. ಮಣ್ಣು ಕೊಡೂಮಟಾ ಬಳಿ ತಗ್ಯಂಗಿಲ್ಲ," ಅಂದಳು.

ನಮ್ಮಲ್ಲಿ ಹೆಣ ಗುಂಡಿಗೆ ಇಳಿಸಿದ ಮೇಲೆ ಮನೆಯವರು ಮೊದಲ ಹಿಡಿ ಮಣ್ಣು ಹಾಕಬೇಕು. ಆಮೇಲೆ ಊರವರು ಹಾಕುತ್ತಾರೆ. ಆ ಒಂದು ಹಿಡಿ ಬಿದ್ದರೇನೇ ಸತ್ತವನು ಸತ್ತ ಹಾಗೆ. ಹೂವಪ್ಪನಿಗೆ ಅದನ್ನು ಹಾಕಿದವನು ಚನ್ನೇಶ, ಜೆಸಿಬಿಯ ಬೆನ್ನಿನಿಂದ. ನಾವು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ದಾನವ್ವ ಮುತ್ತೈದೆಯೂ ಅಲ್ಲ, ರಂಡೆಯೂ ಅಲ್ಲ, ಹಾಗೇ ಉಳಿದಳು. ಹಬ್ಬಕ್ಕೆ ಯಾರೂ ಕರೆಯಲಿಲ್ಲ, ತಿಥಿಗೂ ಕರೆಯಲಿಲ್ಲ.

ಆಗ ಶೈಲಶ್ರೀ ಮೇಡಂ ಬಂದರು. ಧಾರವಾಡದವರು, ಎನ್‌ಜಿಓದವರು. ಮೊದಲೇ ನಮ್ಮ ಕೇರಿಗೆ ಹೊಗೆ ಇಲ್ಲದ ಒಲೆ ತಂದವರು, ಮಹಿಳಾ ಸಂಘ ಕಟ್ಟಿಸಿದವರು. ಕೆಟ್ಟವರಲ್ಲ. ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾರೆ. ಊರ ಮೇಲುಮನೆಯವರು ಕುಡಿಯುವುದಿಲ್ಲ. ಚಹಾ ಕುಡಿದವರ ಮಾತನ್ನು ನಾವು ಬೇಗ ನಂಬುತ್ತೇವೆ. ಅದು ನಮ್ಮ ಕೇರಿಯ ರೋಗ.

ಹೊಳೆ ಉಳಿಸಬೇಕೆಂದು ಮೇಡಂ ದೊಡ್ಡ ಕೋರ್ಟಿನಲ್ಲಿ ಕೇಸು ಹಾಕಿ ವರ್ಷಗಳಾಗಿದ್ದವು. ಕೋರ್ಟು ಒಂದು ಕಮಿಟಿ ಕಳಿಸುವುದಿತ್ತು. ಎಷ್ಟು ಆಳ ಅಗೆದರು, ಯಾರು ಅಗೆಸಿದರು ಎಂದು ಬಾಯಿ ಬಿಟ್ಟು ಹೇಳುವವರು ಬೇಕಿತ್ತು. ಊರಲ್ಲಿ ಯಾರೂ ತಯಾರಿಲ್ಲ. ಮೇಡಂ ನಮ್ಮ ಕಟ್ಟೆಗೆ ಬಂದು ಕುಂತರು. ಹೇಳಿದರೆ ಗುಂಡಿ ತೆಗೆಸುತ್ತಾರೇನು ಎಂದು ದಾನವ್ವ ಕೇಳಿದಳು.

"ನೀವು ಧೈರ್ಯ ಮಾಡಿ ಹೇಳ್ರಿ ದಾನವ್ವ. ಆ ಗುಂಡೀದು ಎಲ್ಲಾ ಬಯಲಿಗೆ ಬರತೈತಿ," ಅಂದರು ಮೇಡಂ.

ಬಯಲಿಗೆ ಬರುತ್ತದೆ ಅಂದರೆ ಓದಿದವರ ಲೆಕ್ಕದಲ್ಲಿ ಒಂದು, ನಮ್ಮ ಲೆಕ್ಕದಲ್ಲಿ ಇನ್ನೊಂದು. ನಾವು ಗುಂಡಿಯಲ್ಲಿ ಇದ್ದದ್ದು ಬಯಲಿಗೆ ಬರುತ್ತದೆ ಅಂದುಕೊಂಡೆವು. ಸಾಕ್ಷಿ ಹೇಳಲು ಒಪ್ಪಿದೆವು. ಆ ವಾರವೇ ಕೇರಿಯ ನಳ ಬಂದಾಯಿತು. ನಮ್ಮ ಹಂಚಿನ ಮೇಲೆ ಕಲ್ಲು ಬಿದ್ದವು. ನಾನು ಬಯಲಕಡೆ ಹೋದಾಗ ಚನ್ನೇಶ ಬೈಕಿನಲ್ಲಿ ಬಂದು ಮೈಮೇಲೆ ಹಾಯಿಸಿದ. ಎಡಗಾಲು ಇನ್ನೂ ಸೊಟ್ಟ ಬೀಳುತ್ತದೆ. ಆದರೂ ಹೋದೆವು.

ಕಮಿಟಿಯ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಮೇಡಂ ಇಂಗ್ಲಿಷಿನಲ್ಲಿ ತಿರುಗಿಸಿ ಹೇಳುತ್ತಿದ್ದರು. ಹೊಳೆ ಎಷ್ಟು ಆಳ, ಟ್ರ್ಯಾಕ್ಟರು ಯಾರವು, ಎಲ್ಲ ಹೇಳಿದೆವು. ಕೊನೆಗೆ ನಿಮಗೇನು ಬೇಕು ಎಂದು ಸಾಹೇಬರು ಕೇಳಿದರು. ದಾನವ್ವ ಹೊಳೆಯ ಕಡೆ ಕೈ ಮಾಡಿದಳು.

"ಹೊಳ್ಯಾಗ ನಮ್ಮ ಜೀವ ಐತ್ರಿ. ತಗದ ಕೊಡ್ರಿ."

ಮೇಡಂ ಕಣ್ಣು ತುಂಬಿಕೊಂಡರು. ಇಂಗ್ಲಿಷಿನಲ್ಲಿ ಏನೋ ಅಂದರು. ಸಾಹೇಬರು ತಲೆ ಆಡಿಸುತ್ತ ಬರೆದುಕೊಂಡರು. ದಾನವ್ವ ಖಾಲಿ ಬುಟ್ಟಿ ಹಿಡಿದು ನಿಂತ ಫೋಟೊ ಒಂದು ತೆಗೆದರು.

ಬೇಸಿಗೆಗೆ ಗೆದ್ದ ಸುದ್ದಿ ಬಂತು. ಮೇಡಂ ಪೇಡೆ ಹಂಚಿದರು. ಹೊಳೆ ಅಂದರೆ ಬರೀ ನೀರಲ್ಲ, ಜೀವ ಇರುವಂಥದ್ದು, ಅದಕ್ಕೆ ಗಾಯ ಮಾಡುವಂತಿಲ್ಲ ಅಂತ ಕೋರ್ಟು ಒಪ್ಪಿದೆಯಂತೆ. ಇನ್ನು ಹೊಳೆಯಲ್ಲಿ ಒಂದು ಬುಟ್ಟಿ ಮರಳೂ ತೆಗೆಯುವಂತಿಲ್ಲ. ನಮ್ಮ ಕೂಲಿ ಹೋಯಿತು. ಅದರ ಬದಲಿಗೆ ಸಂಘದವರಿಗೆ ಹೊಲಿಗೆ ಮಷೀನು ಬಂದವು. ಮರಳು ಎತ್ತಿ ಎತ್ತಿ ಗಂಟುಗಟ್ಟಿದ ಬೆರಳಿನಲ್ಲಿ ಸೂಜಿಗೆ ದಾರ ಪೋಣಿಸುವುದನ್ನು ಕಲಿಸುವುದಕ್ಕೆ ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಪಾಪ, ಅವಳೇ ಎಲ್ಲರಿಗೂ ಪೋಣಿಸಿ ಕೊಟ್ಟು ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರು ಕಟ್ಟಿದ್ದರು. ದಾನವ್ವನ ಫೋಟೊ, ಆಳೆತ್ತರ. ಕೆಳಗೆ ದಪ್ಪ ಅಕ್ಷರ. ನಾನು ಏಳನೇ ಇಯತ್ತೆ ಓದಿದವಳು, ಓದಿ ಹೇಳಿದೆ: ಹೊಳೆಯಲ್ಲಿ ನಮ್ಮ ಜೀವವಿದೆ. ತಾನು ಹೇಳಿದ್ದು ಅದನ್ನೇ ಅಲ್ಲವೇ ಎಂದು ದಾನವ್ವ ಕೇಳಿದಳು. ಅದನ್ನೇ, ಅಂದೆ. ಹಾಗಾದರೆ ತೆಗೆಯುವುದು ಯಾವಾಗಂತೆ ಎಂದು ಕೇಳಿದಳು. ಅದು ಬ್ಯಾನರಿನಲ್ಲಿ ಇರಲಿಲ್ಲ.

ಮೇಡಂ ಹತ್ತಿರ ಹೋದೆವು. ಆಗ ಗೊತ್ತಾಯಿತು. ಅಗೆದ ಗುಂಡಿಗಳನ್ನು ಯಾರು ಅಗೆದರೋ ಅವರೇ ತಮ್ಮ ಖರ್ಚಿನಲ್ಲಿ ಮುಚ್ಚಬೇಕು ಎಂದು ಆದೇಶದಲ್ಲಿ ಇತ್ತು. ಅಂದರೆ ಹೊಳಬಸಪ್ಪ ಮುಚ್ಚಬೇಕು. ಹೂವಪ್ಪ ಇರುವ ಗುಂಡಿ ಮೊದಲನೆಯದು. ಕೊಂದ ಪಾಪ ತಿಂದು ಪರಿಹಾರ ಅನ್ನುತ್ತಾರೆ. ಇಲ್ಲಿ ಕೊಂದವನಿಗೆ ಕಾಯ್ದೆಯೇ ಸಲಿಕೆ ಕೊಟ್ಟು, ಚೆನ್ನಾಗಿ ಮುಚ್ಚಪ್ಪಾ ಅಂದಿತ್ತು.

ಮುಚ್ಚುವ ಮೊದಲು ಒಂದು ಸಲ ಅಗೆಸಿ ಎಂದು ಕಾಲು ಹಿಡಿದೆ. ಮೇಡಂ ನನ್ನನ್ನು ಎತ್ತಿ ಕೂರಿಸಿದರು.

"ಶೇಖವ್ವ, ಹೊಳೀ ಅಗೀಬಾರದು ಅಂತ ಆದೇಶ ತಂದವರು ನಾವ. ನಾವ ಅಗದ್ರ ಆ ಹೊಳಬಸಪ್ಪ ನಾಳೆ ಮ್ಯಾಲಿನ ಕೋರ್ಟಿಗೆ ಹೋಗ್ತಾನ, ಎಲ್ಲಾ ಬಿದ್ದ ಹೋಗತೈತಿ. ಇಷ್ಟ ವರ್ಷ ಹೋರಾಡಿದ್ದು ಹೊಳ್ಯಾಗ ಹುಣಸಿಹಣ್ಣ ಕಿವುಚಿದಂಗ ಆಗತೈತಿ. ಹೂವಪ್ಪಂದು ಬ್ಯಾರೆ ಕೇಸು. ಇದರಾಗ ಕಲಸಬ್ಯಾಡ್ರಿ."

"ನನ್ನ ಗಂಡ ಹುಣಸಿಹಣ್ಣೇನ್ರಿ?" ಅಂದಳು ದಾನವ್ವ.

ಮೇಡಂ ಅತ್ತರು. ನಿಜವಾಗಿಯೇ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಗುಂಡಿ ಮುಚ್ಚುವ ದಿನ ನದಿ ಹಬ್ಬ ಮಾಡುತ್ತೇವೆ, ದೂರದಿಂದ ದೊಡ್ಡವರು ಬರುತ್ತಾರೆ, ಮೊದಲ ಬುಟ್ಟಿ ಮಣ್ಣು ದಾನವ್ವನೇ ಹಾಕಬೇಕು ಅಂದರು. ದಾನವ್ವ ಅವರ ಮುಖ ನೋಡಿದಳು. ಬರುತ್ತೇನೆ ಅಂದಳು.

ಆ ದಿನ ಹೊಳೆಯಲ್ಲಿ ನೀರಿರಲಿಲ್ಲ. ದಂಡೆಯ ಮೇಲೆ ಪೆಂಡಾಲು, ಕುರ್ಚಿ, ದಾನವ್ವನ ಬ್ಯಾನರು. ಗುಂಡಿಯ ಬಾಯಿಗೆ ಗುಡ್ಡದ ಹಾಗೆ ಕೆಂಪು ಮಣ್ಣು ತಂದು ಒಟ್ಟಿದ್ದರು. ಜೆಸಿಬಿಗೆ ಚೆಂಡುಹೂವಿನ ಮಾಲೆ. ಅದರ ಮೇಲೆ ಮಜೀದ ಕೂತಿದ್ದ. ಸಾವಕಾರನ ಹೊಡೆತ ತಿಂದರೂ ಅವನ ಕೆಲಸ ಬಿಟ್ಟಿರಲಿಲ್ಲ, ಹೊಟ್ಟೆ ಬಿಡಗೊಟ್ಟಿರಲಿಲ್ಲ. ನಮ್ಮ ಕಡೆ ಮುಖ ಎತ್ತಿ ನೋಡಲಿಲ್ಲ. ಹೊಳಬಸಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದವರಿಗೆಲ್ಲ ಕೈ ಮುಗಿಯುತ್ತ, ಇದು ಹೊಳೆತಾಯಿಯ ಸೇವೆ, ನಮ್ಮ ಪುಣ್ಯ ಅನ್ನುತ್ತಿದ್ದ.

ಅರಿಶಿಣ ಕುಂಕುಮ ಹಚ್ಚಿದ ಹೊಸ ಬುಟ್ಟಿಯಲ್ಲಿ ಮಣ್ಣು ತುಂಬಿ ದಾನವ್ವನ ತಲೆಯ ಮೇಲೆ ಇಟ್ಟರು. ಸಿಂಬಿ ಕೊಟ್ಟಿರಲಿಲ್ಲ. ಅವಳು ಗುಂಡಿಯ ಅಂಚಿಗೆ ಹೋದಳು. ಫೋಟೊದವರು ಸುತ್ತ ನಿಂತರು. ಹಾಕಿರಿ ದಾನವ್ವ, ಅಂದರು ಮೇಡಂ ಮೈಕಿನಲ್ಲಿ. ದಾನವ್ವ ಬುಟ್ಟಿ ಇಳಿಸಿದಳು. ಮಣ್ಣನ್ನು ಹಿಂದಕ್ಕೆ, ಹೊಳಬಸಪ್ಪನ ಕಾಲ ಮೇಲೆ ಸುರುವಿದಳು. ಖಾಲಿ ಬುಟ್ಟಿ ಹಿಡಿದು ಗುಂಡಿಗೆ ಹಾರಿದಳು.

ಅವಳ ಹಿಂದೆ ನಾನು ಹಾರಿದೆ. ನನ್ನ ಹಿಂದೆ ಕೇರಿಯ ಹೆಂಗಸರು. ಮಣ್ಣು ಎಳೆಯುವುದಕ್ಕೆ ಅಂತ ನಮ್ಮ ಕೈಗೇ ಸಲಿಕೆ ಕೊಟ್ಟಿದ್ದರು. ಅವು ಕೆಲಸಕ್ಕೆ ಬಂದವು. ಅಗೆಯತೊಡಗಿದೆವು.

ಮೇಲೆ ಗದ್ದಲ ಎದ್ದಿತು. ಸಾವಕಾರನ ಪುಣ್ಯ ಒಂದೇ ಕ್ಷಣದಲ್ಲಿ ಮುಗಿದು ಬಾಯಿಂದ ಕೇರಿಯ ಹೆಸರು ಬಂತು. ಸೂಳೆಮಕ್ಕಳು ಒಳಗೇ ಇರಲಿ, ಸುರುವು ಮಣ್ಣು ಎಂದು ಮಜೀದನಿಗೆ ಕೂಗಿದ. ಯಂತ್ರದ ಕೈ ಮೇಲೆದ್ದಿತು. ನೆರಳು ನಮ್ಮ ಮೇಲೆ ಬಿತ್ತು. ನಾನು ಕತ್ತೆತ್ತಿ ಮಜೀದನನ್ನು ನೋಡಿದೆ. ಈ ಸಲ ಅವನೂ ನೋಡಿದ.

ಯಂತ್ರದ ಸಪ್ಪಳ ನಿಂತಿತು. ಮಜೀದ ಕೀಲಿ ಕಿತ್ತು ಅಂಗಿಯೊಳಗೆ ಹಾಕಿಕೊಂಡು ಗುಂಡಿಗೆ ಜಿಗಿದ.

"ಅಲ್ಲೆ ಬ್ಯಾಡ ಅಕ್ಕಾ. ಇಲ್ಲೆ, ಈ ಜಾಲಿ ಬೇರಿನ ಬಾಜೂಕ. ಈ ಜಾಗ ದಿನಾ ನನ್ನ ಕಣ್ಣ ಮುಂದ ಬರತಿತ್ತು," ಅಂದ. ಬರಿಗೈಲಿ ಕೆದರತೊಡಗಿದ.

ಚನ್ನೇಶ ಆಳುಗಳ ಜತೆ ಇಳಿದ. ಬಡಿಗೆ ಮೊದಲು ಮಜೀದನ ತಲೆಗೇ ಬಿತ್ತು. ತಲೆ ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅವನು ಒಂದು ಕಣ್ಣು ಮುಚ್ಚಿಕೊಂಡು ಕೆದರಿದ. ಎರಡನೇ ಹೊಡೆತ ತಡೆಯಲು ಹೋದ ದಾನವ್ವನ ಮುಂಗೈ ಮುರಿಯಿತು. ಒಣ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು. ಅವಳು ಇನ್ನೊಂದು ಕೈಯಿಂದ ಕೆದರಿದಳು. ಒಬ್ಬ ನನ್ನ ಕೂದಲು ಹಿಡಿಯಲು ಬಂದ. ನೆತ್ತಿಯಲ್ಲಿ ಕೂದಲಿಲ್ಲ, ಕೈ ಜಾರಿತು. ಅವನ ಹೆಬ್ಬೆರಳು ನನ್ನ ಬಾಯಿಗೆ ಸಿಕ್ಕಿತು. ಎಲುಬು ಹತ್ತುವ ತನಕ ಕಚ್ಚಿದೆ. ಚನ್ನೇಶ ದಾನವ್ವನ ಬೆನ್ನಿಗೆ ಬಡಿಗೆ ಎತ್ತಿದಾಗ ಸಲಿಕೆ ತಿರುವಿ ಅವನ ಮೊಣಕಾಲಿಗೆ ಹೊಡೆದೆ. ಇದ್ದ ಶಕ್ತಿ ಎಲ್ಲ ಹಾಕಿ ಹೊಡೆದೆ. ಅವನು ಹಂದಿಯ ಹಾಗೆ ಕಿರುಚಿ ಬಿದ್ದ. ಇದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ.

ಆಗ ಪೊಲೀಸರೂ ಇಳಿದರು. ನಮ್ಮನ್ನು ಬಡಿಯುವಾಗ ದಂಡೆಯ ಮೇಲೆ ನಿಂತು ನೋಡುತ್ತಿದ್ದವರು, ಅವನು ಬಿದ್ದ ಮೇಲೆ ಇಳಿದರು. ಹೊಳೆ ಅಗೆಯುವುದು ಅಪರಾಧ ಎಂದು ಹೇಳಿ ಹೇಳಿ ಲಾಠಿಯಿಂದ ಹೊಡೆದರು. ಮೇಲೆ ಮೇಡಂ ಮೈಕು ಹಿಡಿದುಕೊಂಡೇ ಅಳುತ್ತಿದ್ದರು. ಹೊಡೆಯಬೇಡಿ ಅಂದರು. ಅಗೆಯಬೇಡಿ ಅಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಅಂದರು.

ದಾನವ್ವನ ಕೈಗೆ ಬೆರಳು ಸಿಕ್ಕವು.

ಕೈ ಮೇಲಕ್ಕೇ ಇತ್ತು. ನಾವು ಬಿಟ್ಟು ಹೋದಾಗ ಹೇಗೆ ಇತ್ತೋ ಹಾಗೇ. ಮಾಂಸ ಇರಲಿಲ್ಲ. ದಾನವ್ವ ಆ ಎಲುಬುಗಳ ಒಳಗೆ ತನ್ನ ಬೆರಳು ಸೇರಿಸಿ ಕೂತಳು. ಲಾಠಿ ಎತ್ತಿದ್ದ ಪೊಲೀಸಪ್ಪ ಲಾಠಿ ಇಳಿಸಿದ. ಆಮೇಲೆ ಯಾರೂ ಹೊಡೆಯಲಿಲ್ಲ. ನಾವು ಕೈಯಿಂದಲೇ ಮರಳು ಸರಿಸಿದೆವು. ತಲೆ ಸಿಕ್ಕಿತು. ಬಾಯಿ ತುಂಬ ಮರಳಿತ್ತು. ಸೊಂಟದಲ್ಲಿ ನಮ್ಮವ್ವ ಮಾಡಿಸಿ ಹಾಕಿದ ಬೆಳ್ಳಿ ಉಡದಾರ ಹಾಗೇ ಇತ್ತು. ಕೆಳಗೆ ಅವನ ಸಲಿಕೆ.

ಸಾಹೇಬರು ಬರಬೇಕು, ಪಂಚನಾಮೆ ಆಗಬೇಕು, ಮುಟ್ಟಬಾರದು ಅಂದರು ಪೊಲೀಸರು. ಅಲ್ಲಿಯವರೆಗೆ ಮುಟ್ಟದೇ ಇದ್ದವರು ಅವರೇ. ನನ್ನ ಸೆರಗು ಹರಿದು ಸಿಂಬಿ ಸುತ್ತಿದೆ. ದಾನವ್ವನ ತಲೆಯ ಮೇಲೆ ಇಟ್ಟೆ. ಅರಿಶಿಣ ಕುಂಕುಮದ ಬುಟ್ಟಿಯಲ್ಲಿ ಹೂವಪ್ಪನ ತಲೆ, ಕೈ, ಉಡದಾರ, ಅದರ ಸುತ್ತಲಿನ ಮರಳು ತುಂಬಿ ಹೊರಿಸಿದೆ. ಅವಳು ಮುರಿದ ಕೈ ಜೋಲಿಸಿಕೊಂಡು ದಂಡೆ ಹತ್ತಿದಳು. ದೊಡ್ಡವರು ಕುರ್ಚಿ ಬಿಟ್ಟು ದಾರಿ ಕೊಟ್ಟರು. ಹೊಳಬಸಪ್ಪ ಅಲ್ಲಿರಲಿಲ್ಲ, ಕಾರು ದೂಳೆಬ್ಬಿಸಿಕೊಂಡು ಹೋಗಿತ್ತು. ತನ್ನ ಫೋಟೊದ ಕೆಳಗೆ, ಮೇಡಂ ಕಾಲ ಹತ್ತಿರ ದಾನವ್ವ ಬುಟ್ಟಿ ಇಳಿಸಿದಳು.

"ಹೊಳ್ಯಾಗ ನಮ್ಮ ಜೀವ ಐತ್ರಿ ಅಂದಿದ್ದೆ. ತಗದ ಕೊಡ್ರಿ ಅಂತನೂ ಅಂದಿದ್ದೆ. ಅದನ್ಯಾಕ ಬರೀಲಿಲ್ರಿ ಮೇಡಂ?"

ಮೇಡಂ ಬುಟ್ಟಿ ನೋಡಿದರು. ದಾನವ್ವ ಜೆಸಿಬಿ ಹತ್ತಿರ ಹೋದಳು. ಚೆಂಡುಹೂವಿನ ಮಾಲೆ ಕಿತ್ತು ಎಸೆದು, ಅದರ ಕಬ್ಬಿಣದ ಹಲ್ಲಿಗೆ ಎರಡೂ ಕೈ ಬಡಿದಳು, ಮುರಿದದ್ದನ್ನೂ ಸೇರಿಸಿ. ಬಳೆ ಚೂರುಚೂರಾಗಿ ಬಿದ್ದವು. ಆವತ್ತು ಮೊದಲ ಸಲ ಅವಳು ಅತ್ತಳು. ನಾನೂ ಅತ್ತೆ, ಎದೆ ಬಡಿದುಕೊಂಡು, ಹಾಡಿ ಹಾಡಿ ಅತ್ತೆ.

ಎಲುಬುಗಳನ್ನು ಡಾಕ್ಟರ ಹತ್ತಿರ ಒಯ್ದು ಆಮೇಲೆ ಕೊಟ್ಟರು. ನಮ್ಮ ಸುಡುಗಾಡಿನಲ್ಲಿ ಮಣ್ಣು ಕೊಟ್ಟೆವು. ಮೊದಲ ಹಿಡಿ ದಾನವ್ವ, ಎರಡನೇದು ನಾನು, ಮೂರನೇದನ್ನು ತಲೆಗೆ ಪಟ್ಟಿ ಕಟ್ಟಿಕೊಂಡ ಮಜೀದ. ಹೊಳಬಸಪ್ಪನ ಮೇಲೆ ಅಪಘಾತದ ಕೇಸಾಯಿತು. ಜಾಮೀನು ಸಿಕ್ಕಿ ಅವನು ಹೊರಗೆ ಓಡಾಡುತ್ತಿದ್ದಾನೆ. ನಮ್ಮ ಮೇಲೆ ಎರಡು ಕೇಸು. ಒಂದು ಚನ್ನೇಶನ ಮೊಣಕಾಲಿನದು. ಇನ್ನೊಂದು, ಆದೇಶ ಮೀರಿ ಹೊಳೆ ಅಗೆದು ಮರಳು ಕದ್ದದ್ದು. ಹೂವಪ್ಪನ ಜತೆ ಬುಟ್ಟಿಯಲ್ಲಿ ಬಂದ ಮರಳನ್ನು ಚೀಲಕ್ಕೆ ತುಂಬಿ, ಅರಗು ಹಾಕಿ, ಸ್ಟೇಶನ್ನಿನಲ್ಲಿ ಇಟ್ಟಿದ್ದಾರೆ. ಅವನ ಬಾಯಲ್ಲಿ ಇದ್ದ ಮರಳೂ ಅದರಲ್ಲೇ ಇದೆ.

ಮೇಡಂ ನಮಗೊಬ್ಬ ವಕೀಲರನ್ನು ಕಳಿಸಿದರು. ಆದೇಶ ಗೊತ್ತಿರಲಿಲ್ಲ, ಮರಳು ಮುಟ್ಟಿಲ್ಲ ಎಂದು ಹೇಳಿಬಿಡಿ, ಬಿಟ್ಟುಬಿಡುತ್ತಾರೆ ಎಂದು ವಕೀಲರು ಕಲಿಸಿಕೊಟ್ಟರು. ದಾನವ್ವ ನನ್ನ ಕಡೆ ನೋಡಿದಳು. ನಮ್ಮ ಮಾತನ್ನು ಒಂದು ಸಲ ಬೇರೆಯವರ ಬಾಯಿಗೆ ಕೊಟ್ಟಿದ್ದು ಸಾಕಾಗಿತ್ತು.

ಕೋರ್ಟಿನಲ್ಲಿ ನನ್ನ ಹೆಸರು ಕೂಗಿದರು. ಕಟಕಟೆ ಹತ್ತಿ ನಿಂತೆ. ಹೊಳೆಯಿಂದ ಕಳವು ಮಾಡಿದ್ದೀರಿ ಎಂದು ಆರೋಪ ಇದೆ, ಒಪ್ಪುತ್ತೀರಾ ಎಂದು ಜಡ್ಜ್ ಸಾಹೇಬರು ಕೇಳಿದರು. ವಕೀಲರು ಕಣ್ಣು ಸನ್ನೆ ಮಾಡಿದರು.

"ಹೌದ್ರಿ, ಕದ್ದೇವಿ," ಅಂದೆ.

"ಏನು ಕದ್ದಿರಿ?"

"ನನ್ನ ತಮ್ಮನ್ನ."